ತಾಟಿನ ತಳದಲ್ಲಿ ನನ್ನ ನಂಬರು

೧. ಎಮ್ಮೆ ಕುಂತಲ್ಲಿ ಎಡಕ್ಕೆ

"ರಾಣೆಬೆನ್ನೂರಿಗೆ ಇದೇ ದಾರಿ ಹೌದಲ್ರಿ?"

ಕಾಲುವೆ ಕಟ್ಟೆಯ ಮೇಲೆ ಕೂತಿದ್ದ ಹಿರಿಯರು ನನ್ನ ಸ್ಕೂಟರನ್ನು ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ನೋಡಿ ನಿಧಾನಕ್ಕೆ ಹೇಳಿದರು: "ದಾರಿ ಇದ ಐತ್ರಿ. ನೀವು ಹೊಂಟ ದಿಕ್ಕು ಅಷ್ಟ ತಪ್ಪೈತಿ."

ನನಗೆ ಇಂಥವು ಆಗುತ್ತಲೇ ಇರುತ್ತವೆ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಅದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಮೆಣಸಿನಕಾಯಿ ರಫ್ತು ಮಾಡುವ ಕಂಪನಿಯೊಂದಕ್ಕೆ ಕಾಯಿಯ ಬಣ್ಣ ನೋಡಿ ಆರಿಸಿಕೊಡುವುದು ನನ್ನ ಕೆಲಸ. ಮನೆ ಹಾವೇರಿಯಲ್ಲಿ, ಕಾಲು ಎಲ್ಲೆಲ್ಲೋ. ಇಸ್ತಾಂಬುಲ್‌ನ ಸಂತೆ, ಹನೋಯ್‌ನ ಗಲ್ಲಿ, ಮೆಕ್ಸಿಕೋದ ಹೊಲ ಎಲ್ಲ ತಿರುಗಿದ್ದೇನೆ. ಭಾಷೆ ಬಾರದ ಆ ಊರುಗಳಲ್ಲಿ ಒಮ್ಮೆಯೂ ದಾರಿ ತಪ್ಪಿರಲಿಲ್ಲ. ಗುತ್ತಲದಿಂದ ರಾಣೆಬೆನ್ನೂರಿಗೆ ಒಳದಾರಿ ಹಿಡಿದವಳು ಎರಡು ತಾಸು ತಪ್ಪಿದೆ. ಅಲ್ಲಿ ಭಾಷೆ ಬಾರದ್ದರಿಂದ ಯಾರನ್ನೂ ಕೇಳಿರಲಿಲ್ಲ. ಇಲ್ಲಿ ಸಿಕ್ಕವರನ್ನೆಲ್ಲ ಕೇಳಿದ್ದೆ.

"ಹಂಗಾರ ಈಗ ಹೆಂಗ ಹೋಗ್ಲಿ?"

"ಹಿಂದಕ್ಕ ಹೋಗ್ರಿ. ಬೇವಿನ ಗಿಡದ ಬುಡಕ ಒಂದು ಎಮ್ಮಿ ಕುಂತೈತಿ. ಅಲ್ಲಿ ಎಡಕ್ಕ ಹೊಳ್ರಿ."

"ಎಮ್ಮಿ ಎದ್ದು ಹೋಗಿದ್ರ?"

"ಎದ್ರ ನಮ್ಮ ಮನಿಗೆ ಬರ್ತೈತಿ. ಅದರ ಬೆನ್ನ ಹಿಂದ ನೀವೂ ಬರ್ರಿ. ಮದುವಿ ಐತಿ, ಉಂಡು ಹೋಗೀರಂತ."

ಎಮ್ಮೆ ಎದ್ದಿತ್ತು.

ಹೀಗೆ ನಾನು ಎಮ್ಮೆಯ ಹಿಂದೆ ಒಂದು ಗೊತ್ತಿಲ್ಲದ ಊರಿಗೆ, ಗೊತ್ತಿಲ್ಲದವರ ಮದುವೆಗೆ ಹೋದೆ. ಕಡೆಯ ಪಂಕ್ತಿ ಕೂತಿತ್ತು, ತಾಟು ತೀರಿದ್ದವು. ಸೆರಗಿನ ತುದಿಗೆ ದೊಡ್ಡದೊಂದು ಚಾವಿ ಕಟ್ಟಿಕೊಂಡಿದ್ದ ಮುದುಕಿಯೊಬ್ಬಳು ಎಲ್ಲಿಂದಲೋ ಒಂದು ತಾಟು ತಂದು ನನ್ನ ಮುಂದೆ ಇಟ್ಟು, "ಕುಂದ್ರಿ" ಎಂದಳು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಹಸಿದವಳಿಗೆ ಹುಗ್ಗಿ ಎರಡನೇ ಸಲ ಬಂದ ಮೇಲೇ ತಲೆ ಎತ್ತಲು ಆದದ್ದು. ನೋಡಿದರೆ ಆ ಮುದುಕಿ ಮೂಲೆಯಲ್ಲಿ ನಿಂತು, ಹುಗ್ಗಿಯ ಹಂಡೆಯ ಮುಚ್ಚಳ ಬೋರಲು ಹಿಡಿದು ಅದರ ಮೇಲೆ ಉಣ್ಣುತ್ತಿದ್ದಳು.

"ನಿಮ್ಮ ತಾಟು ಎಲ್ಲೈತ್ರಿ?" ಎಂದೆ.

"ನಿಮ್ಮ ಮುಂದ ಐತೆಲ್ಲ. ಲಗೂ ಉಣ್ರಿ, ಮುಚ್ಚಳ ಕೈ ಸುಡಾಕತ್ತೈತಿ."

೨. ಬರೆದದ್ದು ಬಿಡುವ ಹಾಗಿಲ್ಲ

ಆ ಊರಿನಲ್ಲಿ ಒಂದು ಭಾಂಡೆ ಕೋಣೆಯಿದೆ. ಹಂಡೆ, ಕೊಪ್ಪರಿಗೆ, ಸೌಟು, ತಾಟು, ಲೋಟ, ಎಲ್ಲ ಊರವರೇ ಕೂಡಿಸಿದ್ದು. ಕೊಟ್ಟವರ ಹೆಸರು ಒಂದೊಂದರ ಮೇಲೂ ಕೊರೆದಿರುತ್ತದೆ. ಯಾರ ಮನೆಯಲ್ಲಿ ಮದುವೆಯಾದರೂ, ಸುತ್ತಲಿನ ಹಳ್ಳಿಯವರಾದರೂ, ಒಯ್ದು, ತಿಕ್ಕಿ, ಎಣಿಸಿ ವಾಪಸ್ ಕೊಡಬೇಕು. ಕೋಣೆಯ ಚಾವಿ ಆ ಮುದುಕಿಯದು. ಊರಿಗೆಲ್ಲ ಅವಳು ಚಾವಿಯವ್ವ. ದಾರಿ ಹೇಳಿದ ಹಿರಿಯರು ಕಮಿಟಿಯವರು. ಅಂಗಿ ಕಿಸೆಯಲ್ಲಿ ಸದಾ ರಸೀದಿ ಪುಸ್ತಕ ಇರುವುದರಿಂದ ಅವರು ರಸೀದಿ ಕಾಕಾ.

ಉಂಡ ಋಣ ಅಲ್ಲವೇ? ತಿಂಗಳೊಳಗೆ ರಾಣೆಬೆನ್ನೂರಿನ ಒಂದು ಭಾಂಡೆ ಅಂಗಡಿಯಲ್ಲಿ ಇನ್ನೂರು ಊಟದ ತಾಟಿಗೆ ಹೇಳಿದೆ. ಹೆಸರು ಕೊರೆಯುವವನಿಗೆ ಒಂದು ಚೀಟಿ ಬರೆದುಕೊಟ್ಟೆ. ಮೊದಲ ಸಾಲಿನಲ್ಲಿ ನನ್ನ ಹೆಸರು. ಕೆಲಸ ಮುಗಿದ ಮೇಲೆ ತಿಳಿಸಲಿ ಎಂದು ಎರಡನೇ ಸಾಲಿನಲ್ಲಿ ನನ್ನ ಫೋನ್ ನಂಬರು. ತಡಮಾಡದಿರಲಿ ಎಂದು ಮೂರನೇ ಸಾಲು: ಶುಕ್ರವಾರದೊಳಗೆ ಬೇಕು.

ಅವನು ತಡಮಾಡಲಿಲ್ಲ. ಗುರುವಾರವೇ ಫೋನ್ ಮಾಡಿದ. ಹೋಗಿ ನೋಡಿದೆ. ತಾಟಿನ ನಟ್ಟನಡುವೆ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, ಮೂರೂ ಸಾಲು.

"ಫೋನ್ ನಂಬರ ಯಾಕ ಕೊರದ್ರಿ?"

"ನೀವ ಬರದೀರೆಲ್ರಿ ಅಕ್ಕಾರ."

"ಶುಕ್ರವಾರದೊಳಗ ಬೇಕು, ಇದನ್ನೂ?"

"ಬರದದ್ದು ಬಿಡಾಂಗಿಲ್ರಿ. ಹ್ವಾದ ವರ್ಷ ಒಬ್ರು, ಚೀಟಿಯಾಗಿನ 'ಶ್ರೀ' ಬಿಟ್ಟೀದಿ ಅಂತ ಐವತ್ತು ಕೊಡ ನನ್ನ ಎದಿ ಮ್ಯಾಲ ತಂದು ಇಟ್ರು. ಅವತ್ತಿನಿಂದ ನಾ ವಿಚಾರ ಮಾಡೂದು ಬಿಟ್ಟೇನಿ."

"ಇನ್ನೂರರ ಮ್ಯಾಲೂ ಹಿಂಗ ಐತೇನು?"

"ಇನ್ನೂರಾ ಒಂದರ ಮ್ಯಾಲ," ಎಂದ, ಹೆಮ್ಮೆಯಿಂದ. "ಒಂದು ನಮ್ಮ ಕಡಿಂದ."

ಸ್ಟೀಲಿನ ಮೇಲೆ ಕೊರೆದದ್ದು ಅಳಿಸುವಂಥದ್ದಲ್ಲ. ನಾಚಿಕೊಂಡೇ ಚಾವಿಯವ್ವನ ಮುಂದೆ ಇಳಿಸಿದೆ. ಅವಳಿಗೆ ಓದು ಬರುವುದಿಲ್ಲ. ರಸೀದಿ ಕಾಕಾ ಮೂರೂ ಸಾಲು ಓದಿ ಹೇಳಿದಾಗ ಮುಖ ಅರಳಿತು.

"ಇದು ಶಾಣ್ಯಾತನ ನೋಡ್ರಿ. ಹಳೀ ತಾಟಿನ ಮ್ಯಾಲ ಇದ್ದ ಹೆಸರೆಲ್ಲ ಸತ್ತವರವು. ಕಳದ್ರ ನಾ ಯಾರನ್ನ ಕೇಳಲಿ? ನಿಮಗರ ಫೋನ್ ಹತ್ತತೈತಿ."

೩. ಬದನೆಕಾಯಿಯ ಕೆಳಗಿನ ಅಂಕಿ

ಮದುವೆಯ ಹಂಗಾಮು ಶುರುವಾದ ಮೇಲೆ ನನ್ನ ಫೋನಿಗೆ ಒಂದು ಹೊತ್ತು ನಿಗದಿಯಾಯಿತು. ಮುಹೂರ್ತ ಇದ್ದ ದಿನ ಮಧ್ಯಾಹ್ನ ಒಂದೂವರೆ. ಮೊದಲ ಪಂಕ್ತಿಯವರು ಅನ್ನ ತೀರಿಸಿ ತಾಟಿನ ತಳ ಮುಟ್ಟುವ ಹೊತ್ತು.

"ನಮಸ್ಕಾರ್ರಿ. ನಾನು ನಿಮ್ಮ ತಾಟಿನ್ಯಾಗ ಉಂಡಾಂವ್ರಿ."

ಇದಕ್ಕೆ ಏನು ಉತ್ತರ? ಊಟ ಹೇಗಿತ್ತು ಎಂದು ಕೇಳಲೇಬೇಕು. ಕೇಳಿದರೆ ಸಂಬಂಧ ಕುದುರಿತು. ಆಮೇಲೆ ವಿಷಯ. ದೇವರಗುಡ್ಡದ ಕಡೆಯ ಹುಡುಗರಿಗೆ ವಾಲಿಬಾಲ್ ನೆಟ್ ಬೇಕು. ಹಾವೇರಿಯ ಒಂದು ಓಣಿಯಲ್ಲಿ ಪೇಪರ್ ಓದುವ ನಿವೃತ್ತರಿಗೆ ಖುರ್ಚಿ ಬೇಕು, ಒಟ್ಟು ನಾಲ್ಕು. ನಿಂತು ಓದಿದರೆ ಸುದ್ದಿ ಮೊಣಕಾಲಿಗೆ ಇಳಿಯುತ್ತದಂತೆ. ಬ್ಯಾಡಗಿಯ ಭಜನಾ ಮಂಡಳಿಯ ಪೇಟಿಗೆ, ಅಂದರೆ ಹಾರ್ಮೋನಿಯಂಗೆ, ಹೊಸ ತಿದಿ ಬೇಕು. ಹಳೆಯದು ಹಾಡಿಗಿಂತ ಹೆಚ್ಚು ಉಸಿರು ಬಿಡುತ್ತದೆ. ಎಲ್ಲರ ಮಾತಿನ ಕೊನೆ ಮಾತ್ರ ಒಂದೇ: "ಶುಕ್ರವಾರದೊಳಗ ಆದ್ರ ಚಲೋ ಆಗ್ತಿತ್ರಿ."

"ಶುಕ್ರವಾರವೇ ಯಾಕ?"

"ನಿಮ್ಮ ವ್ರತ ಅದ ಅಂತಲ್ರಿ. ತಾಟಿನ ಮ್ಯಾಲ ಬರದದ. ಶುಕ್ರವಾರದೊಳಗ ಯಾರರ ಬೇಡಿದ್ರ ಇಲ್ಲ ಅನ್ನಂಗಿಲ್ಲಂತ."

ವ್ರತದ ಸುದ್ದಿ ನನಗಿಂತ ಮೊದಲೇ ಮೂರು ಊರು ತಿರುಗಿತ್ತು. ನಾನು ಸೋಮವಾರದಿಂದ ಗುರುವಾರದವರೆಗೆ ಫೋನಿಗೆ ಹೆದರುವುದು, ಶನಿವಾರ, ರವಿವಾರ ಉಸಿರಾಡುವುದು ರೂಢಿಯಾಯಿತು. "ಮನ್ಯಾಗ ಕೇಳಿ ಹೇಳ್ತೇನ್ರಿ" ಎನ್ನುತ್ತಿದ್ದೆ. ಮನೆಯಲ್ಲಿ ಇರುವವಳು ನಾನೊಬ್ಬಳೇ. ತಿಂಗಳಿಗೊಮ್ಮೆ ರಸೀದಿ ಕಾಕಾ ಕೂಡ ಮಾಡುತ್ತಿದ್ದರು. "ದಾರಿ ತಪ್ಪಿಲ್ಲಲ್ರಿ?" ಎಂದು ಶುರುಮಾಡಿ, ಮೂರನೇ ಮಾತಿಗೆ ಭಾಂಡೆ ಕೋಣೆಯ ಬಾಗಿಲಿಗೆ ಬಣ್ಣ ಕೇಳುತ್ತಿದ್ದರು.

ಒಬ್ಬರು ಮಾತ್ರ ಏನೂ ಕೇಳಲಿಲ್ಲ. "ಕಡೀ ಅಂಕಿ ಮ್ಯಾಲ ಬದ್ನಿಕಾಯಿ ಕುಂತಿತ್ರಿ, ಅದನ್ನ ತಿಂದು ಫೋನ್ ಹಚ್ಚೇನಿ" ಎಂದಳು ಯಾರೋ ತಾಯಿ.

"ಏನು ಬೇಕಿತ್ತು?"

"ಏನಿಲ್ರಿ. ತಾಟು ಖಾಲಿ ಮಾಡಿದ್ರ ಕೆಳಗಿನ ಅಕ್ಕ ಮಾತಾಡ್ತಾಳ ಅಂತ ಮಗಳಿಗೆ ಹೇಳಿದ್ದೆ. ಮುಗಿಸ್ಯಾಳ. ಒಂದು ಮಾತು ಆಡಿಬಿಡ್ರಿ, ಇನ್ನೂ ಸಣ್ಣಾಕಿ ಉಣ್ಣೂದು ಐತಿ."

೪. ಇಸ್ತಾಂಬುಲ್ ಭಾಳ ಸಮೀಪ

ಪ್ರಪಂಚ ಸುತ್ತಿದವಳಿಗೆ ಸುಳ್ಳಿಗೆ ಬರವೇ? ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ರಾಶಿಗಳ ನಡುವೆ ನಿಂತಿದ್ದಾಗ ಪೇಟಿಯವರ ಫೋನು ಬಂತು. ಆ ತಿಂಗಳಲ್ಲಿ ಅದು ಐದನೆಯದು.

"ಅಕ್ಕಾರ, ಪೇಟಿ ಈಗ ಕೆಮ್ಮಾಕತ್ತೈತ್ರಿ."

"ನಾನು ಊರಾಗ ಇಲ್ರಿ," ಎಂದೆ. "ಇಸ್ತಾಂಬುಲ್‌ಗೆ ಬಂದೇನಿ."

"ಹೌದ್ರಿ? ಅಷ್ಟು ದೂರ ಹೋಗೀರಿ? ಅಲ್ಲಿ ಏನ್ರಿ ಗದ್ಲ?"

"ಸಂತಿ ಐತ್ರಿ. ಇಲ್ಲೂ ಹಿಂಗ ಇರ್ತೈತಿ."

ಅಷ್ಟರಲ್ಲಿ ಹಮಾಲರು ಪಕ್ಕದಲ್ಲಿ ಒಂದು ಚೀಲ ಸುರಿದರು. ಆ ಮಾರುಕಟ್ಟೆಯಲ್ಲಿ ಮೊದಲ ಸಲ ಬಂದವನೂ, ನಲವತ್ತು ವರ್ಷ ಬಂದವನೂ ಸೀನುವುದು ಒಂದೇ ರೀತಿ. ನಾನು ಸೀನಿದೆ. ಆ ಕಡೆಯಿಂದ ಅವರೂ ಸೀನಿದರು. ಆ ಸೀನು ನನಗೆ ಎರಡು ಸಲ ಕೇಳಿಸಿತು, ಒಮ್ಮೆ ಫೋನಿನಲ್ಲಿ, ಒಮ್ಮೆ ಬೆನ್ನ ಹಿಂದೆ.

ತಿರುಗಿದೆ. ನಾಲ್ಕು ಮಾರು ದೂರದಲ್ಲಿ, ಮುಂದಿನ ರಾಶಿಯ ಆಚೆ, ಬಿಳಿ ಟೋಪಿಯ ಒಬ್ಬರು ಕಿವಿಗೆ ಫೋನು ಹಿಡಿದು ಮೂಗು ಒರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು. ಫೋನ್ ಇಡಲಿಲ್ಲ. ಮರ್ಯಾದಸ್ಥರು, ದೂರದೂರಿನವರೊಂದಿಗೆ ಮಾತಾಡುವ ಹಾಗೆಯೇ ಮಾತು ಮುಗಿಸಿದರು.

"ಆತ್ರಿ ಅಕ್ಕಾರ, ಆರಾಮ ಬರ್ರಿ. ಬರೂವಾಗ ಚಾ ಕುಡದು ಬರ್ರಿ, ಎರಡನೇ ಅಂಗಡಿ. ನಾ ಹೇಳಿ ಇಟ್ಟಿರ್ತೇನಿ."

ಪೇಟಿಗೆ ಹೊಸ ತಿದಿ ಬಂತು. ಶುಕ್ರವಾರದೊಳಗೆ.

೫. ಮೇಜಿನ ಖಾನೆಯಲ್ಲಿರುವ ಸಿಮ್ಮು

ಸಾಕಾಯಿತು ಎಂದು ಹಾವೇರಿಯಲ್ಲಿ ಹೊಸ ಸಿಮ್ ತಂದೆ. ಹಳೆಯದನ್ನು ಮುರಿಯುತ್ತೇನೆಂದು ಚಾವಿಯವ್ವನಿಗೆ ಹೇಳಿ ಕಳಿಸಿದ್ದಕ್ಕೆ, ಮರುದಿನವೇ ಅವಳು ಗುತ್ತಲದ ಬಸ್ಸು ಹಿಡಿದು ಬಂದಳು, ಕಂಕುಳಲ್ಲಿ ಹೋಳಿಗೆಯ ಗಂಟು.

ನೀರು ಕುಡಿದಳು. ಆಮೇಲೆ ಹೇಳಿದಳು: "ಈ ಹಂಗಾಮಿನ್ಯಾಗ ಹದಿನೆಂಟು ತಾಟು ದಾರಿ ತಪ್ಪಿದ್ವು. ಹದಿನೆಂಟೂ ತಿರುಗಿ ಬಂದಾವು. ಯಾಕ ಬಂದ್ವು? ಸಿಕ್ಕವರು ನಿಮಗ ಫೋನ್ ಹಚ್ಚಿದ್ರು, ನೀವು ನಮ್ಮ ಊರು ಹೇಳಿದ್ರಿ."

ಅದು ಖರೇ. ಬೇಡುವ ಫೋನುಗಳ ನಡುವೆ ಅಂಥವೂ ಬರುತ್ತಿದ್ದವು. ರಾಣೆಬೆನ್ನೂರಿನ ಆಟೋದ ಸೀಟಿನ ಕೆಳಗೆ ಒಂದು ಸಿಕ್ಕಿತ್ತು. ಇನ್ನೊಂದನ್ನು ಯಾರೋ ಟ್ರಾಕ್ಟರಿನ ಟೂಲ್ ಡಬ್ಬಿಗೆ ಮುಚ್ಚಳ ಮಾಡಿದ್ದರು.

"ಯುಗಾದಿ ಮುಂದ ಎಣಿಕಿ ಐತಿ," ಎಂದಳು. "ಕಡಿಮಿ ಬಿದ್ರ ಚಾವಿ ಬ್ಯಾರೆಯವರಿಗೆ. ನನಗಿಂತ ಮೊದಲಿದ್ದ ಇಬ್ಬರದೂ ಹಂಗ ಹೋತು."

"ಹೋದ್ರ ಹೋಗ್ಲಿ ಬಿಡ್ರಿ. ಆ ಭಾರ ಯಾಕ ಹೊತ್ತುಕೊಂಡೀರಿ ಈ ವಯಸ್ಸಿನ್ಯಾಗ?"

ಅವಳು ಸೆರಗಿನ ತುದಿಯ ಚಾವಿ ಮುಟ್ಟಿಕೊಂಡಳು. "ನನ್ನ ಗಂಡ ಸತ್ತಾಗ ನನಗ ಇಪ್ಪತ್ತಾರು. ಮೂವತ್ತು ವರ್ಷ ಯಾರ ಮದುವಿ ಹಂದರದ ಕೆಳಗೂ ನನ್ನ ಕರೀಲಿಲ್ಲ. ಹಿತ್ತಲದಾಗ ಕುಂತು ಅಕ್ಕಿ ಆರಿಸಿ ಮನಿಗೆ ಹೋಗ್ತಿದ್ದೆ. ಈಗ ನಾ ಬರಲಾರದ ಒಲಿ ಮ್ಯಾಲ ಹಂಡೆ ಏರಂಗಿಲ್ಲ. ಕುಂಕುಮ ಹಚ್ಚಿ ಕರೀಯೂದಿಲ್ಲ, ಖರೇ. ಚಾವಿಗೆ ಕರೀತಾರ. ನಾ ಚಾವಿ ಸಂಗಾಟ ಹೋಗ್ತೇನಿ."

ನಾನು ಹೊಸ ಸಿಮ್ಮನ್ನು ಮೇಜಿನ ಖಾನೆಗೆ ಹಾಕಿದೆ. ಇನ್ನೂ ಅಲ್ಲೇ ಇದೆ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಖುರ್ಚಿಯವರು. ಚಾವಿಯವ್ವ ಕೈ ಚಾಚಿ ಇಸಿದುಕೊಂಡು, ಪೂರ್ತಿ ಕೇಳಿಸಿಕೊಂಡು, ಗಂಭೀರವಾಗಿ ಹೇಳಿದಳು: "ಕೊಡೂನಂತ. ಮೊದಲ ಹೇಳ್ರಿ, ಉಂಡ ತಾಟು ಎಲ್ಲಿ ಇಟ್ರಿ?"

೬. ನಾನೇ ಮಾಡಿದ ಕಾನೂನು

ಆ ಹುಮ್ಮಸ್ಸಿನಲ್ಲಿ ಕಮಿಟಿಯವರ ಮುಂದೆ ಹೋಗಿ ದೊಡ್ಡ ಮಾತಾಡಿದೆ. ಯಾವ ದೇಶದಲ್ಲೂ ಶಿಕ್ಷೆ ಇಲ್ಲದ ಕಾನೂನು ನಡೆಯುವುದಿಲ್ಲ ಎಂದೆ. ತಾಟು ಮನೆಯಲ್ಲಿ ಇಟ್ಟುಕೊಂಡವರು ಮುಂದಿನ ಮದುವೆಯ ತಾಟು ಅಷ್ಟೂ ತಾವೇ ತಿಕ್ಕಬೇಕು. ಹಾಗಾದರೆ ಚಾವಿ ಕಾಯುವವರ ಮೇಲೆ ತಪ್ಪು ಬರುವುದಿಲ್ಲ.

"ಯಾರ ಇದ್ರೂ?" ಎಂದರು ರಸೀದಿ ಕಾಕಾ.

"ಯಾರ ಇದ್ರೂ."

ಅವರು ರಸೀದಿ ಪುಸ್ತಕದ ಹಿಂಬದಿಗೆ ಬರೆದು, ಸೂಚಿಸಿದವರು ಎಂಬಲ್ಲಿ ನನ್ನ ಸಹಿ ಹಾಕಿಸಿದರು. ಆ ಪುಸ್ತಕದಲ್ಲಿ ದೇಣಿಗೆ ಕೊಡದೆ ನಾನು ಹಾಕಿದ ಒಂದೇ ಸಹಿ ಅದು.

ಯುಗಾದಿಗೆ ಮುಂಚೆ ಎಣಿಕೆಯಾಯಿತು. ನನ್ನ ತಾಟುಗಳನ್ನು ಮೂರು ಸಲ ಎಣಿಸಿದರು. ಮೂರು ಸಲವೂ ಇನ್ನೂರು.

"ಒಂದು ಕಡಿಮಿ," ಎಂದರು ಕಾಕಾ. "ಇಟ್ಟುಕೊಂಡವರು ಸಿಕ್ರ ಅವರು ತಿಕ್ಕಲಿ. ಸಿಗದಿದ್ರ ಚಾವಿ ಕೊಡಬೇಕಾಕ್ಕೈತ್ರಿ ಅವ್ವಾರ. ಶುಕ್ರವಾರದೊಳಗ ಬೇಕು."

ಚಾವಿಯವ್ವ ಸೆರಗಿನ ಗಂಟು ಬಿಗಿ ಮಾಡಿಕೊಂಡಳು.

ನಾನು ಸ್ಕೂಟರ್ ತೆಗೆದೆ. ವರ್ಷವಿಡೀ ಬೇಡಿದವರ ನಂಬರುಗಳೆಲ್ಲ ನನ್ನ ಫೋನಿನಲ್ಲಿದ್ದವು, ಎತ್ತಬಾರದೆಂದು ಹೆಸರು ಹಾಕಿ ಇಟ್ಟವು. ಈಗ ಒಂದೊಂದಕ್ಕೂ ನಾನೇ ಹಚ್ಚಿದೆ. "ಒಂದು ತಾಟು ಬೇಕಿತ್ರಿ, ಶುಕ್ರವಾರದೊಳಗ."

ವಾಲಿಬಾಲ್‌ನವರು ಹೇಳಿದರು: "ಈ ವಾರ ಸ್ವಲ್ಪ ಬಿಗಿ ಐತ್ರಿ." ಖುರ್ಚಿಯವರು: "ಮನ್ಯಾಗ ಕೇಳಿ ಹೇಳ್ತೇನ್ರಿ." ಪೇಟಿಯವರು: "ಅಕ್ಕಾರ, ನಾನು ಈಗ ಇಸ್ತಾಂಬುಲ್‌ನ್ಯಾಗ ಅದೇನ್ರಿ."

ನಕ್ಕು ಮುಗಿಸಿದ ಮೇಲೆ ಮೂವರೂ ಹುಡುಕಿದರು. ಬುಧವಾರದ ಹೊತ್ತಿಗೆ ವಾಲಿಬಾಲ್‌ನವರು ಹನ್ನೊಂದು ತಾಟು ತಂದು ಕೊಟ್ಟರು. ಒಂದೂ ನಮ್ಮದಲ್ಲ. ಬೇರೆ ಬೇರೆ ಊರಿನ, ಸತ್ತ ಪುಣ್ಯಾತ್ಮರ ಹೆಸರಿನವು. ಅವನ್ನು ಒಂದೊಂದಾಗಿ ಅವುಗಳ ಊರಿಗೆ ಮುಟ್ಟಿಸುವುದರಲ್ಲಿ ಗುರುವಾರ ಹೋಯಿತು. ನಮ್ಮ ತಾಟು ಸಿಗಲಿಲ್ಲ. ಬದಲಿಗೆ ಐದು ಊರಿನವರು ನನ್ನ ನಂಬರು ಬರೆದುಕೊಂಡರು.

೭. ದಾನಿಗಳು ಎಲ್ಲಿ

ಶುಕ್ರವಾರ ಮುಂಜಾನೆ, ಸೋತು, ಮಹಡಿ ಹತ್ತಿದೆ. ಆರಿಸಿ ತಂದ ಮೆಣಸಿನಕಾಯಿಯ ಮಾದರಿಗಳನ್ನು ಅಲ್ಲೇ ಬಿಸಿಲಿಗೆ ಹರವಿರುತ್ತೇನೆ. ಚೀಲಕ್ಕೆ ತುಂಬುತ್ತ ಬಂದೆ. ಕಡೆಯ ರಾಶಿಯ ಕಾಯಿ ತೆಗೆದೆ, ಬೀಜ ಒರೆಸಿದೆ. ಕೆಳಗೆ ನನ್ನ ಹೆಸರು. ಅದರ ಕೆಳಗೆ ನನ್ನ ನಂಬರು.

ವರ್ಷದ ರೂಢಿ ನೋಡಿ, ತಾಟು ಸಿಕ್ಕಿದೆ ಎಂದು ತಿಳಿಸಲು ಆ ನಂಬರನ್ನು ಒತ್ತಿಯೂ ಬಿಟ್ಟೆ. ಬಿಜಿ ಇತ್ತು.

ಆಮೇಲೆ ನೆನಪಾಯಿತು. ಚಾವಿಯವ್ವ ತಂದ ಹೋಳಿಗೆಯ ಗಂಟು. ಗಂಟಿನೊಳಗೆ ತಾಟು. ಹೋಳಿಗೆ ನಾನು ಎರಡು ದಿನ ತಿಂದಿದ್ದೆ, ತಾಟು ಚಪ್ಪಟೆಯಾಗಿದೆ, ಕಾಯಿ ಒಣಗಿಸಲು ಅನುಕೂಲ ಎಂದು ಮೇಲೆ ಒಯ್ದಿದ್ದೆ. ಕೋಣೆಯಿಂದ ಹೊರಗೆ ತಂದವಳು ಚಾವಿಯವ್ವನೇ; ಮರೆತವಳೂ ಅವಳೇ. ಕಾಯುವವಳೇ ಒಯ್ದಳು ಎಂದು ಗೊತ್ತಾದರೆ ಯಾವ ಕಾನೂನೂ ಚಾವಿಯನ್ನು ಉಳಿಸದು.

ನಮ್ಮ ಕಡೆ ಯಾರ ಭಾಂಡೆಯನ್ನೂ ಖಾಲಿ ವಾಪಸ್ ಕೊಡುವುದಿಲ್ಲ. ತಾಟಿನ ತುಂಬ ಕೆಂಪನೆಯ ಬ್ಯಾಡಗಿ ಕಾಯಿ ಒಟ್ಟಿ, ಹೋಳಿಗೆ ಬಂದಿದ್ದ ಬಟ್ಟೆಯಲ್ಲೇ ಕಟ್ಟಿಕೊಂಡು ಹೊರಟೆ. ಈ ಸಲ ಯಾರನ್ನೂ ದಾರಿ ಕೇಳಲಿಲ್ಲ. ತಪ್ಪಲಿಲ್ಲ.

ಚಾವಡಿಯಲ್ಲಿ ಎಲ್ಲರೂ ಕೂತಿದ್ದರು. ಚಾವಿ ಆಗಲೇ ಸೆರಗಿನಿಂದ ಇಳಿದು, ಚಾವಿಯವ್ವನ ಅಂಗೈಯಲ್ಲಿತ್ತು. ನಾನು ಗಂಟು ಬಿಚ್ಚಿದೆ. ಅವಳು ಕಾಯಿ ನೋಡಲಿಲ್ಲ, ಗಂಟಿನ ಬಟ್ಟೆ ನೋಡಿದಳು. ಅವಳದೇ ಹಳೆಯ ಇಳಕಲ್ ಸೀರೆಯ ತುಂಡು. ಗುರುತು ಹತ್ತಿ, ನಿಜ ಹೇಳಲು ಬಾಯಿ ತೆರೆದಳು.

ನಾನು ಅವಳ ಕಾಲು ತುಳಿದೆ. "ಕಾಕಾ, ತಾಟು ನಮ್ಮನ್ಯಾಗ ಇತ್ತು. ಹ್ವಾದ ಮದುವ್ಯಾಗ ಬುತ್ತಿ ಕಟ್ಟಿಕೊಂಡು ನಾನ ಒಯ್ದಿದ್ದೆ. ಇವರನ್ನ ಕೇಳಿರಲಿಲ್ಲ."

ಕಾಕಾ ನನ್ನನ್ನು ನೋಡಿದರು, ಬಟ್ಟೆಯನ್ನು ನೋಡಿದರು, ಚಾವಿಯವ್ವನ ಕಾಲ ಮೇಲಿದ್ದ ನನ್ನ ಚಪ್ಪಲಿಯನ್ನು ನೋಡಿದರು. ಎಮ್ಮೆ ಎಲ್ಲಿ ಕೂತಿದೆ ಎಂದು ಬಲ್ಲ ಮನುಷ್ಯ. ರಸೀದಿ ಪುಸ್ತಕ ತಿರುವಿ ಹಿಂಬದಿ ಓದಿದರು.

"ಯಾರ ಇದ್ರೂ, ಅಂತ ಬರದೈತ್ರಿ. ಸಹಿ ನಿಮ್ಮದ ಐತಿ."

"ಐತಿ."

"ಯುಗಾದಿ ಆದ ಮ್ಯಾಲ ಮೊದಲನೇದು ನಮ್ಮ ಅಣ್ಣನ ಮಗಳ ಮದುವಿ. ಮೂರು ಪಂಕ್ತಿ." ಚಾವಿಯವ್ವನ ಕಡೆ ತಿರುಗಿದರು. "ಅವ್ವಾರ, ಚಾವಿ ಯಾಕ ಕೈಯಾಗ ಹಿಡಕೊಂಡು ಕುಂತೀರಿ? ಸೆರಗಿಗೆ ಕಟ್ಟಿಕೊಳ್ರಿ."

ಮದುವೆಯ ದಿನ ಹಿತ್ತಲಲ್ಲಿ ಮಣೆ ಹಾಕಿಕೊಂಡು ಕೂತೆ. ಬೂದಿ, ಸೋಪು, ತೆಂಗಿನ ನಾರು. ಇನ್ನೂರಾ ಒಂದು ತಾಟು, ಮೂರು ಪಂಕ್ತಿಗೆ ಮೂರು ಸಲ. ಒಂದೊಂದರ ತಳ ಬೆಳಗಿದಾಗಲೂ ನನ್ನ ಹೆಸರೇ ಎದ್ದು ಬಂದು ನನ್ನನ್ನು ನೋಡುತ್ತಿತ್ತು. ದಾನಿಗಳ ಹೆಸರು ಅಷ್ಟು ಹತ್ತಿರದಿಂದ ಓದಬಾರದು.

ಹಂದರದಿಂದ ಚಾವಿಯವ್ವ ಬಂದಳು. ಮೊದಲ ಪಂಕ್ತಿಯಲ್ಲಿ, ಬೀಗರ ಸಾಲಿನಲ್ಲಿ ಕೂರಿಸಿ ಉಣಿಸಿದ್ದರಂತೆ. ತಾನು ಉಂಡ ತಾಟನ್ನು ಯಾರ ಕೈಗೂ ಕೊಡದೆ ತಾನೇ ತಂದು ನನ್ನ ಮುಂದೆ ಇಟ್ಟಳು. ಒಂದು ಅಗುಳು ಬಿಟ್ಟಿರಲಿಲ್ಲ. ತಿಕ್ಕಿದೆ.

ಒಂದೂವರೆಗೆ ಸರಿಯಾಗಿ ಫೋನು ಹೊಡೆದುಕೊಂಡಿತು. ನನ್ನ ಎರಡೂ ಕೈ ಬೂದಿ. ಚಾವಿಯವ್ವ ಎತ್ತಿ ಕಿವಿಗೆ ಹಿಡಿದಳು. ಒಳಗಿನ ಹಂದರದಿಂದಲೇ ಯಾರೋ ಮಾತಾಡುತ್ತಿದ್ದರು. ಅರ್ಧ ಫೋನಿನಲ್ಲಿ, ಅರ್ಧ ಗೋಡೆಯಾಚೆ ಕೇಳುತ್ತಿತ್ತು. ಯಾವುದೋ ಡೊಳ್ಳಿನ ಮೇಳಕ್ಕೆ ಡೊಳ್ಳಿನ ಚರ್ಮ ಬೇಕಿತ್ತು, ದಾನಿಗಳ ಹತ್ತಿರ ಎರಡು ಮಾತಾಡಬೇಕಿತ್ತು.

"ದಾನಿಗಳು ನಮ್ಮ ಊರಿನ ಭಾಂಡೆ ತಿಕ್ಕಾಕತ್ತಾರ," ಎಂದಳು ಚಾವಿಯವ್ವ. "ಇನ್ನೂ ಎರಡು ಪಂಕ್ತಿ ಸಾಲ ಐತಿ. ನೀವು ಉಂಡ ತಾಟು ಇಲ್ಲಿ ತಂದು ಹಾಕಿ ಹೋಗ್ರಿ, ಶುಕ್ರವಾರದೊಳಗ ತೀರಸ್ತಾರ."